ಬೈಕಿನ ಕವಾಸಾಕಿ, ಕಾಯಿಲೆಯ ಕವಾಸಾಕಿ

ಚನ್ನಗಿರಿ ತಾಲ್ಲೂಕಿನಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರ ಸಾರ ಇಷ್ಟು: "ನನ್ನ ಮೂರು ವರ್ಷದ ಮೊಮ್ಮಗನಿಗೆ ಆರು ದಿನವಾದರೂ ಜ್ವರ ಇಳಿಯಲಿಲ್ಲ. ಕಣ್ಣು ಕೆಂಡ, ತುಟಿ ಒಡೆದು ರಕ್ತ. ಎರಡು ಕಡೆ ತೋರಿಸಿ ಮೂರನೆಯ ಕಡೆ ಹೋದಾಗ ಕವಾಸಾಕಿ ಕಾಯಿಲೆ ಅಂದರು. ಈಗ ಮಗು ಮನೆಗೆ ಬಂದಿದೆ. ಆದರೆ ನಿಮ್ಮ ಆರೋಗ್ಯ ಅಂಕಣದಲ್ಲಿ, ಜಪಾನಿನ ಕವಾಸಾಕಿ ಎಂಬ ಕಾರ್ಖಾನೆಗಳ ಊರಿನಲ್ಲಿ ಮೊದಲು ಕಂಡದ್ದರಿಂದ ಇದಕ್ಕೆ ಆ ಹೆಸರು ಎಂದು ಓದಿದೆ. ಹಾಗಾದರೆ ಇದು ಹೊಗೆಯಿಂದ ಬರುವುದೇ? ನಾನು ಹದಿನಾರು ವರ್ಷ ಸ್ಕೂಲಿಗೆ ಓಡಾಡಿದ್ದು ಕವಾಸಾಕಿ ಬಜಾಜ್ ಬಾಕ್ಸರಿನಲ್ಲಿ. ಪಕ್ಕದ ಮನೆಯವರು ಗಾಡಿಯ ಹೆಸರನ್ನೂ ಕಾಯಿಲೆಯ ಹೆಸರನ್ನೂ ಜೋಡಿಸಿ ಏನೋ ಅಂದರು. ನನ್ನ ಸೊಸೆ ಮರುದಿನವೇ ಬೈಕನ್ನು ಪಡಸಾಲೆಯಿಂದ ಬೀದಿಗೆ ತಳ್ಳಿಸಿದಳು. ಅದು ಅಂಟುರೋಗವೇ? ಬೈಕಿಗೂ ಊರಿಗೂ ಕಾಯಿಲೆಗೂ ಏನು ಸಂಬಂಧ?"

ಮೇಷ್ಟ್ರೇ, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಸಾಲು ನಮ್ಮದೇ, ಅದು ಸುಳ್ಳು. ಕಾಯಿಲೆಯ ಹೆಸರು ಊರಿನದಲ್ಲ, ಡಾಕ್ಟರದು. ಅಂಕಣಕಾರರು ಬರೆದರು, ತಿದ್ದಬೇಕಾದ ನಾನು ತಿದ್ದಲಿಲ್ಲ. ಕಾಯಿಲೆಗೆ ಊರಿನ ಹೆಸರಿರುವುದು ನಮಗೆ ಹೊಸದಲ್ಲವಲ್ಲ, ಅದಕ್ಕೇ ಕಣ್ಣು ಜಾರಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಾದ ಕಾಯಿಲೆಯನ್ನು ಪ್ರಪಂಚವೆಲ್ಲ ಇಂದಿಗೂ ಕ್ಯಾಸನೂರಿನ ಹೆಸರಿನಲ್ಲೇ ಕರೆಯುತ್ತದೆ. ಜಪಾನಿನಲ್ಲೂ ಪಾದರಸದ ವಿಷದಿಂದ ಬಂದ ಮಿನಮಾಟಾ, ಪೆಟ್ರೋಲಿಯಂ ಕಾರ್ಖಾನೆಗಳ ಗಂಧಕದ ಹೊಗೆಯಿಂದ ಬಂದ ಯೊಕ್ಕಾಯಿಚಿ ಉಬ್ಬಸ, ಎರಡೂ ಊರಿನ ಹೆಸರಿನ ಕಾಯಿಲೆಗಳೇ. ನಿಮ್ಮ ಪಕ್ಕದ ಮನೆಯವರನ್ನು ದಡ್ಡರು ಅನ್ನಬೇಡಿ. ಅವರ ಊಹೆಗೂ ನಮ್ಮ ತಪ್ಪಿಗೂ ಬೇರು ಒಂದೇ.

ಈಗ ಡಾಕ್ಟರ ವಿಷಯ. ತೊಮಿಸಾಕು ಕವಾಸಾಕಿ ಹುಟ್ಟಿದ್ದು 1925ರಲ್ಲಿ, ಟೋಕಿಯೊದಲ್ಲಿ. ಅಲ್ಲಿಯ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಾಗಿದ್ದರು. 1961ರ ಜನವರಿಯಲ್ಲಿ ನಾಲ್ಕು ವರ್ಷ ಮೂರು ತಿಂಗಳ ಹುಡುಗನೊಬ್ಬ ಅವರ ಹತ್ತಿರ ಬಂದ. ಬಿಡದ ಜ್ವರ, ಪಿಸುರಿಲ್ಲದೆ ಕೆಂಪಾದ ಎರಡೂ ಕಣ್ಣು, ಒಣಗಿ ಒಡೆದ ತುಟಿ, ಸ್ಟ್ರಾಬೆರಿ ಹಣ್ಣಿನ ಹಾಗೆ ಕೆಂಪಗೆ ಗುಳ್ಳೆಯೆದ್ದ ನಾಲಗೆ, ಮೈಮೇಲೆ ದದ್ದು, ಊದಿದ ಅಂಗೈ ಅಂಗಾಲು, ಕತ್ತಿನಲ್ಲಿ ಗೆಡ್ಡೆ. ಆಮೇಲೆ ಬೆರಳ ತುದಿಯಿಂದ ಸಿಪ್ಪೆ ಸುಲಿದಂತೆ ಚರ್ಮ ಕಿತ್ತು ಬಂತು. ಪುಸ್ತಕದಲ್ಲಿದ್ದ ಯಾವ ಕಾಯಿಲೆಗೂ ಅದು ಪೂರ್ತಿ ಹೊಂದಲಿಲ್ಲ. ಹುಡುಗ ಗುಣವಾಗಿ ಮನೆಗೆ ಹೋದ, ಕಾಯಿಲೆ ಯಾವುದು ಎಂಬುದು ಮಾತ್ರ ಗೊತ್ತಾಗಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೆ ಮರೆಯುತ್ತಿದ್ದರು. ಇವರು ಮರೆಯಲಿಲ್ಲ. ಮರುವರ್ಷ ಅಂಥದೇ ಇನ್ನೊಂದು ಮಗು ಬಂದಾಗ ಹಳೆಯದನ್ನು ನೆನೆದರು. ಒಂದೊಂದೇ ಲೆಕ್ಕ ಇಡುತ್ತ ಹೋಗಿ 1967ರಲ್ಲಿ ಐವತ್ತು ಮಕ್ಕಳ ವಿವರವನ್ನು ಜಪಾನೀ ಭಾಷೆಯಲ್ಲಿ ಪ್ರಕಟಿಸಿದರು. ಹೊಸ ಕಾಯಿಲೆ ಎಂದು ಒಪ್ಪಲು ಅಲ್ಲಿಯ ದೊಡ್ಡ ಡಾಕ್ಟರುಗಳಿಗೆ ಮನಸ್ಸಿರಲಿಲ್ಲ. ಇಂಗ್ಲಿಷಿಗೆ ಅದು ಬರಲು 1974 ಆಗಬೇಕಾಯಿತು.

ತಮ್ಮ ಹೆಸರನ್ನು ಅವರು ಇಟ್ಟುಕೊಂಡದ್ದಲ್ಲ. ಅವರಿಟ್ಟ ಹೆಸರು ಚರ್ಮ, ಲೋಳೆಪೊರೆ, ದುಗ್ಧಗ್ರಂಥಿ ಎಲ್ಲ ಸೇರಿಸಿದ ಮಾರುದ್ದದ್ದು. ಅದನ್ನು ಹೇಳಲಾರದೆ ಲೋಕ ಡಾಕ್ಟರ ಹೆಸರು ಹಿಡಿಯಿತು. 2020ರ ಜೂನ್‌ನಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೊರೋನಾ ಬಂದು ಹೋದ ಮಕ್ಕಳಲ್ಲಿ ಕವಾಸಾಕಿಯಂಥದೇ ಲಕ್ಷಣ ಕಾಣುತ್ತಿದೆ ಎಂದು ಯೂರೋಪ್, ಅಮೆರಿಕದ ಡಾಕ್ಟರುಗಳು ಗಾಬರಿಯಾಗಿದ್ದದ್ದೂ ಅದೇ ತಿಂಗಳುಗಳಲ್ಲಿ.

ಕಾಯಿಲೆಗೆ ಕಾರಣ ಏನೆಂದು ಇವತ್ತಿಗೂ ಪತ್ತೆಯಾಗಿಲ್ಲ. ಹೆಚ್ಚಾಗಿ ಬರುವುದು ಐದು ವರ್ಷದೊಳಗಿನ ಮಕ್ಕಳಿಗೆ. ಮಗುವಿನಿಂದ ಮಗುವಿಗೆ ಅಂಟುವುದಿಲ್ಲ, ಆಟಕ್ಕೆ ಬಿಡದ ತಾಯಂದಿರಿಗೆ ಇದನ್ನು ಓದಿ ಹೇಳಿ. ಇದರ ನಿಜವಾದ ಅಪಾಯ ಇರುವುದು ಹೃದಯಕ್ಕೆ ರಕ್ತ ಕೊಡುವ ನಾಳಗಳಲ್ಲಿ. ಉರಿಯೂತದಿಂದ ಅವು ಬಲೂನಿನಂತೆ ಉಬ್ಬಬಹುದು. ಚಿಕಿತ್ಸೆ ಇಲ್ಲದಿದ್ದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಜ್ವರ ಬಂದ ಹತ್ತು ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್ ಡ್ರಿಪ್ ಕೊಟ್ಟರೆ ಅದು ಇಪ್ಪತ್ತರಲ್ಲಿ ಒಬ್ಬರಿಗೆ ಇಳಿಯುತ್ತದೆ. ಸಾವಿರಾರು ಜನರ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ ಅದು, ಬೆಲೆಯೂ ಹಾಗೇ ಇರುತ್ತದೆ. ನಿಮ್ಮ ಮೊಮ್ಮಗನಿಗೆ ಏಳನೇ ದಿನ ಅದು ಸಿಕ್ಕಿದೆ ಎಂದು ಬರೆದಿದ್ದೀರಿ. ಮೂರನೆಯ ಡಾಕ್ಟರಿಗೆ ನನ್ನ ಕಡೆಯಿಂದಲೂ ಒಂದು ನಮಸ್ಕಾರ.

ಇನ್ನು ನಿಮ್ಮ ಬೈಕಿನ ಕವಾಸಾಕಿ. ಇವರು ಷೋಜೊ ಕವಾಸಾಕಿ, ದಕ್ಷಿಣದ ಕಾಗೊಷಿಮಾದ ಬಟ್ಟೆ ವ್ಯಾಪಾರಿಯ ಮಗ. ಹದಿನೇಳಕ್ಕೇ ನಾಗಸಾಕಿಗೆ ಹೋಗಿ ವ್ಯಾಪಾರ ಕಲಿತರು. ಹಡಗಿನಲ್ಲಿ ಸರಕು ಸಾಗಿಸುವಾಗ ಸಮುದ್ರದ ಅಪಘಾತಗಳನ್ನು ಕಣ್ಣಾರೆ ಅನುಭವಿಸಿ, ಜಪಾನಿನ ಹಳೇ ಮಾದರಿಯ ಹಡಗು ಪ್ರಯೋಜನವಿಲ್ಲ ಎಂದು 1878ರಲ್ಲಿ ಟೋಕಿಯೊದಲ್ಲಿ ಪಾಶ್ಚಾತ್ಯ ಮಾದರಿಯ ಹಡಗುಕಟ್ಟೆ ತೆರೆದರು. 1896ರಲ್ಲಿ ಅದು ಕೋಬೆಯಲ್ಲಿ ಕಂಪನಿಯಾಯಿತು. ಹಡಗಿನಿಂದ ರೈಲು, ವಿಮಾನ, ಯುದ್ಧವಾದ ಮೇಲೆ ಮೋಟರ್‌ಸೈಕಲ್. ಪುಣೆಯ ಬಜಾಜ್ ಜೊತೆ ಅದರ ನಂಟು ಎಂಬತ್ತರ ದಶಕದಲ್ಲಿ ಶುರುವಾಗಿ 2017ರಲ್ಲಿ ಮುಗಿಯಿತು. ನಿಮ್ಮ ಬಾಕ್ಸರಿನ ಟ್ಯಾಂಕಿನ ಮೇಲಿರುವುದು 1912ರಲ್ಲೇ ತೀರಿಹೋದ ಆ ಹಡಗಿನ ಮನುಷ್ಯನ ಮನೆತನದ ಹೆಸರು. ಡಾಕ್ಟರು ಅವರ ವಂಶದವರಲ್ಲ. ಕಂಪನಿ ಬೆಳೆದ ಕೋಬೆಗೂ ಕವಾಸಾಕಿ ಊರಿಗೂ ರೈಲಿನಲ್ಲಿ ಐನೂರು ಕಿಲೋಮೀಟರಿಗೂ ಹೆಚ್ಚು ದೂರ.

ಊರು ಇರುವುದು ಟೋಕಿಯೊಗೆ ಅಂಟಿಕೊಂಡು, ತಮಾ ಹೊಳೆಯ ಆಚೆ ದಡದಲ್ಲಿ. ಹೊಳೆಯ ಗುಂಟ ಪಡವಲಕಾಯಿಯ ಹಾಗೆ ಉದ್ದಕ್ಕೆ ಬಿದ್ದಿರುವ ಊರು, ಈಗ ಹದಿನೈದು ಲಕ್ಷ ಜನ ಮೀರಿದೆ. ಹಿಂದೆ ಎದೋದಿಂದ, ಅಂದರೆ ಹಳೆಯ ಟೋಕಿಯೊದಿಂದ, ಕ್ಯೋಟೊಗೆ ನಡೆದು ಹೋಗುವ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು. ಅದರಲ್ಲಿ ಎರಡನೆಯದು ಇದು, 1623ರಲ್ಲಿ ಆದದ್ದು. ಅಲ್ಲಿಯ ದೊಡ್ಡ ಬೌದ್ಧ ಗುಡಿಯನ್ನು ಜನ ಕವಾಸಾಕಿ ದೈಷಿ ಅನ್ನುತ್ತಾರೆ. ಅದರ ಕಥೆ ನಿಮಗೆ ಹಿಡಿಸುತ್ತದೆ. ದೇಶಭ್ರಷ್ಟನಾಗಿ ಮೀನು ಹಿಡಿದು ಬದುಕುತ್ತಿದ್ದ ಹಿರಮಾ ಎಂಬ ಮನೆತನದ ಸಮುರಾಯಿಯ ಬಲೆಗೆ ಕೋಬೊ ದೈಷಿ ಎಂಬ ಗುರುವಿನ ವಿಗ್ರಹ ಸಿಕ್ಕಿತಂತೆ. 1128ರಲ್ಲಿ ಗುಡಿಯಾಯಿತು. ಗುಡಿಯ ಅಧಿಕೃತ ಹೆಸರು ಹೆಯಿಕೆನ್‌ಜಿ. ಹಿರಮಾ ಎಂದು ಬರೆಯುವ ಅದೇ ಎರಡು ಅಕ್ಷರಗಳನ್ನು ಚೀನೀ ಉಚ್ಚಾರದಲ್ಲಿ ಓದಿದರೆ ಹೆಯಿಕೆನ್. ಬಲೆ ಬೀಸಿದವನ ಹೆಸರು ಗುಡಿಯ ಹೆಸರಿನೊಳಗೆ ಅಡಗಿ ಕೂತಿದೆ, ಆದರೆ ಜನರ ಬಾಯಲ್ಲಿರುವುದು ಊರಿನ ಹೆಸರೇ.

ಹೊಗೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ಕವಾಸಾಕಿಯ ಸಮುದ್ರದ ಬದಿಯಲ್ಲಿ ಕಾರ್ಖಾನೆಗಳು ಸಾಲುಗಟ್ಟಿದವು. ಉಬ್ಬಸದಿಂದ ನರಳಿದವರು 1982ರಲ್ಲಿ ಕೋರ್ಟಿಗೆ ಹೋದರು, 1996ರಲ್ಲಿ ಕಂಪನಿಗಳೊಂದಿಗೆ ರಾಜಿಯಾಯಿತು. ಆದರೆ ಅದು ಉಬ್ಬಸದ ಕಥೆ, ನಿಮ್ಮ ಮೊಮ್ಮಗನ ಕಾಯಿಲೆಯದಲ್ಲ. ಇಲ್ಲೇ ಇನ್ನೊಂದು ಗೊಂದಲ ಇದೆ, ನಾನೂ ಅದರಲ್ಲಿ ಸಿಕ್ಕಿಬಿದ್ದವನೇ. ಕವಾಸಾಕಿ ಸ್ಟೀಲ್ ಎಂಬ ಉಕ್ಕಿನ ಕಂಪನಿಯೊಂದಿತ್ತು, 1950ರಲ್ಲಿ ಹಡಗಿನ ಕಂಪನಿಯಿಂದ ಬೇರೆಯಾದದ್ದು. ಅದರ ದೊಡ್ಡ ಕುಲುಮೆಗಳು ಇದ್ದದ್ದು ಚಿಬಾ ಮತ್ತು ಮಿಜುಷಿಮಾದಲ್ಲಿ. ಕವಾಸಾಕಿ ಊರಿನಲ್ಲಿ ಉಕ್ಕು ಕಾಯಿಸುತ್ತಿದ್ದದ್ದು ನಿಪ್ಪಾನ್ ಕೋಕಾನ್ ಎಂಬ ಬೇರೆಯೇ ಕಂಪನಿ. ಕೊನೆಗೆ 2002ರಲ್ಲಿ ಇವೆರಡೂ ಒಂದಾಗಿ ಜೆಎಫ್‌ಇ ಎಂದಾದವು. ಹೀಗೆ ಕವಾಸಾಕಿ ಹೆಸರಿನ ಉಕ್ಕಿಗೂ ಕವಾಸಾಕಿ ಊರಿನ ಉಕ್ಕಿಗೂ ನೆಂಟಸ್ತನವಾದ ದಿನವೇ ಕಂಪನಿಯ ಹೆಸರಿನಿಂದ ಕವಾಸಾಕಿ ಬಿದ್ದುಹೋಯಿತು. ಅದೇ ಜೆಎಫ್‌ಇ 2010ರಲ್ಲಿ ಜೆಎಸ್‌ಡಬ್ಲ್ಯೂ ಸ್ಟೀಲಿನ ಸುಮಾರು ಶೇಕಡ 15ರಷ್ಟು ಷೇರು ಕೊಂಡಿತು. ಅಂದರೆ ನಮ್ಮ ಬಳ್ಳಾರಿಯ ತೋರಣಗಲ್ಲಿನ ಕುಲುಮೆಯಲ್ಲೂ ಆ ಮನೆತನದ ಒಂದು ಪಾಲು ಇದೆ. ಸೊಸೆಗೆ ಇದನ್ನು ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಇಷ್ಟೊಂದು ಕವಾಸಾಕಿ ಯಾಕೆ? ಕವ ಎಂದರೆ ಹೊಳೆ, ಬರೆಯುವುದು ಮೂರು ನಿಂತ ಗೀಟಿನಲ್ಲಿ. ಸಕಿ ಎಂದರೆ ನೀರಿಗೆ ಚಾಚಿದ ನೆಲದ ಮೂತಿ, ಅದರ ಅಕ್ಷರದ ಎಡಗಡೆ ಬೆಟ್ಟದ ಗುರುತು ಇರುತ್ತದೆ. ನಾಗಸಾಕಿಯಲ್ಲಿರುವುದೂ ಅದೇ ಸಕಿ, ಉದ್ದನೆಯ ಚಾಚು. ಮಿಯಾಜಾಕಿಯಲ್ಲೂ ಅದೇ, ಮುಂದಿನ ಪದದ ಮೊದಲಕ್ಷರ ಮೆತ್ತಗಾಗಿದೆ ಅಷ್ಟೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದದ್ದನ್ನು ಮೂವತ್ತು ವರ್ಷ ಪಾಠ ಹೇಳಿದ ನಿಮಗೆ ಇದನ್ನು ವಿವರಿಸಬೇಕಿಲ್ಲ. ಹೊಳೆ ಇದ್ದಲ್ಲೆಲ್ಲ ಇಂಥ ಜಾಗ ಇರುತ್ತದೆ, ಆದ್ದರಿಂದ ನಮ್ಮ ಹೊಸಳ್ಳಿ, ಹೊಸೂರುಗಳ ಹಾಗೆ ಮಿಯಾಗಿ ಪ್ರಾಂತ್ಯದಲ್ಲೊಂದು ಕವಾಸಾಕಿ, ಫುಕುವೊಕಾದ ಹಳೇ ಕಲ್ಲಿದ್ದಲ ಸೀಮೆಯಲ್ಲೊಂದು ಕವಾಸಾಕಿ. 1875ರಲ್ಲಿ ಸರ್ಕಾರ ಪ್ರತಿಯೊಬ್ಬ ಸಾಮಾನ್ಯನೂ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕು ಎಂದಾಗ ಎಷ್ಟೋ ಜನ ಕಣ್ಣೆದುರಿನ ಗದ್ದೆ, ಬೆಟ್ಟ, ಹೊಳೆಯನ್ನೇ ಹೆಸರಿಗೆ ತೆಗೆದುಕೊಂಡರು. ಅಂಥ ಹೆಸರು ಒಂದೇ ಎಂದ ಮಾತ್ರಕ್ಕೆ ಜನ ಒಂದೇ ಬಳ್ಳಿಯವರಾಗುವುದಿಲ್ಲ. ಕುರಾಷಿಕಿಯಲ್ಲಿ ಕವಾಸಾಕಿ ಮೆಡಿಕಲ್ ಕಾಲೇಜೇ ಇದೆ, 1970ರದ್ದು. ಅದಕ್ಕೂ ಕವಾಸಾಕಿ ಕಾಯಿಲೆಯ ಡಾಕ್ಟರಿಗೂ ಸಂಬಂಧವಿಲ್ಲ ಎಂದರೆ ನಂಬುತ್ತೀರಾ?

ಇನ್ನೊಬ್ಬ ಕವಾಸಾಕಿಯನ್ನು ಮೊಮ್ಮಗನಿಗೋಸ್ಕರ ಪರಿಚಯಿಸುತ್ತೇನೆ. ತೊಷಿಕಾಜು ಕವಾಸಾಕಿ ಗಣಿತದವರು, ಕಾಗದ ಮಡಚಿ ಗುಲಾಬಿ ಮಾಡುವುದರಲ್ಲಿ ಹೆಸರಾದವರು. ನೀವು ಬರೆದ ಕಾಗದದಂಥದೇ ಒಂದು ಹಾಳೆ ತೆಗೆದುಕೊಳ್ಳಿ. ಮಧ್ಯಕ್ಕೆ ಮಡಚಿ, ಹಾಗೇ ಇನ್ನೊಮ್ಮೆ ಆ ಮಡಿಕೆಯನ್ನು ದಾಟುವಂತೆ ಸೊಟ್ಟಗೆ ಮಡಚಿ, ಬಿಚ್ಚಿ ನೋಡಿ. ಒಂದು ಬಿಂದುವಿನಲ್ಲಿ ನಾಲ್ಕು ಗೆರೆ ಸೇರಿರುತ್ತವೆ. ನಾಲ್ಕು ಕೋನಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಕೂಡಿದರೆ ಸರಿಯಾಗಿ 180 ಡಿಗ್ರಿ. ಹೇಗೇ ಸೊಟ್ಟ ಮಡಚಿದರೂ ಅಷ್ಟೇ. ಒಂದು ಬಿಂದುವಿನ ಸುತ್ತ ಎಷ್ಟೇ ಮಡಿಕೆ ಇದ್ದರೂ ಕಾಗದ ಚಪ್ಪಟೆಯಾಗಿ ಕೂರಬೇಕಾದರೆ ಈ ಲೆಕ್ಕ ತಪ್ಪುವಂತಿಲ್ಲ. ಇದನ್ನೂ ಕವಾಸಾಕಿ ಪ್ರಮೇಯ ಅನ್ನುತ್ತಾರೆ.

ಕಾಗದದ ಕೊನೆಯಲ್ಲಿ ಕವಾಸಾಕಿಯೋ ಕವಾಸಕಿಯೋ ಎಂದು ಕೇಳಿದ್ದೀರಿ. ಜಪಾನಿಗಳು ಹೇಳುವುದು ಎರಡೂ ಅಲ್ಲ. ಅವರ ಬಾಯಲ್ಲಿ ಅದು ಕವಸಕಿ, ನಾಲ್ಕೂ ಲಘು, ನಾಲ್ಕು ಮಾತ್ರೆ. ನಮ್ಮ ಲಿಪಿಯಲ್ಲಿ ಒಂದು ಗೀಟೂ ಹೆಚ್ಚು ಕಡಿಮೆ ಇಲ್ಲದೆ ಬರೆಯಬಹುದಾದ ಹೆಸರನ್ನು ಇಂಗ್ಲಿಷಿನ ದಾರಿಯಲ್ಲಿ ತರಿಸಿಕೊಂಡು ದೀರ್ಘ ಎಳೆದಿದ್ದೇವೆ. ಆದರೂ ಪತ್ರಿಕೆಯಲ್ಲಿ ಕವಾಸಾಕಿ ಎಂದೇ ಇಡುತ್ತೇನೆ. ಆಸ್ಪತ್ರೆಯ ಚೀಟಿಯಲ್ಲಿ ಒಂದು, ನಮ್ಮಲ್ಲಿ ಇನ್ನೊಂದು ಕಂಡು ಯಾವ ತಾಯಿಯೂ ಗಲಿಬಿಲಿಗೊಳ್ಳಬಾರದು.

ಎರಡು ವಿಷಯ ಡಾಕ್ಟರ ಹತ್ತಿರ ಮರೆಯದೆ ಕೇಳಿ. ಆರು ವಾರದ ಹೊತ್ತಿಗೆ ಮತ್ತೊಂದು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕಾಗುತ್ತದೆ. ಆ ಡ್ರಿಪ್ ಪಡೆದ ಮಕ್ಕಳಿಗೆ ದಡಾರ, ಸೀತಾಳೆ ಸಿಡುಬಿನ ಲಸಿಕೆಗಳನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳು ಮುಂದೂಡುತ್ತಾರೆ, ಅಂಗನವಾಡಿಯಲ್ಲಿ ಕರೆದಾಗ ಚೀಟಿ ತೋರಿಸಿ. ತಿದ್ದುಪಡಿ ಇದೇ ಸಂಚಿಕೆಯ ಆರೋಗ್ಯ ಅಂಕಣದ ಪಕ್ಕದಲ್ಲೇ ಇದೆ, ಮೂಲೆಯಲ್ಲಿ ಬಚ್ಚಿಟ್ಟಿಲ್ಲ. ಎಕೋ ಆದ ಮೇಲೆ ಒಂದು ಸಾಲು ಬರೆಯಿರಿ. ಬೈಕು ಪಡಸಾಲೆಗೆ ವಾಪಸ್ ಬಂತೋ ಇಲ್ಲವೋ, ಅದನ್ನೂ.

— ಸಂಪಾದಕ