ಮೋಟರ್ ಕಿರುಚಿ ನಿಂತರೆ ದೊಡ್ಡ ಮೋಟರೇ ಬೇಕೆ?

ಪ್ರಶ್ನೆ: ಬಾಗಿಲ ಚೌಕಟ್ಟಿನ ಕೆತ್ತನೆಗೆ ಮನೆಯಲ್ಲೇ ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಕಟ್ಟಿದ್ದೇನೆ. 18.9 ಕೆಜಿ-ಸೆಂಮೀ, 2.8 ಆಂಪಿಯರಿನ ನೆಮಾ 23 ಸ್ಟೆಪ್ಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವುದು) ಮೂರು, ಅವಕ್ಕೆ ಕರೆಂಟ್ ಹಂಚುವ ಟಿಬಿ6600 ಡ್ರೈವರ್, 24 ವೋಲ್ಟಿನ ಎಸ್‌ಎಂಪಿಎಸ್ (ಪವರ್ ಸಪ್ಲೈ), ಸುತ್ತಿಗೆ 5 ಮಿಮೀ ಸರಿಸುವ ಬಾಲ್ ಸ್ಕ್ರೂ. ನಿಮಿಷಕ್ಕೆ 2000 ಮಿಮೀ ವೇಗ ಕೊಟ್ಟರೆ ಮೋಟರ್ ಕಿರುಚಿ ನಿಲ್ಲುತ್ತದೆ. 30 ಕೆಜಿ-ಸೆಂಮೀ ಮೋಟರ್ ತರಲೇ?
– ನವನಗರ, ಬಾಗಲಕೋಟೆ

ಉತ್ತರ: ಬೇಡ. ದುಡ್ಡೂ ಹೋಗುತ್ತದೆ, ಕಿರುಚಾಟವೂ ಉಳಿಯುತ್ತದೆ. ಪೆಟ್ಟಿಗೆಯ ಮೇಲಿನ 18.9 ಎಂಬುದು ನಿಂತ ಮೋಟರಿನ ತಿರುಚು ಬಲ (ಟಾರ್ಕ್). ತಿರುಗತೊಡಗಿದ ಮೇಲೆ ಅದು ಇಳಿಯುತ್ತಲೇ ಹೋಗುತ್ತದೆ. 2000 ಮಿಮೀ ಎಂದರೆ ನಿಮಿಷಕ್ಕೆ 400 ಸುತ್ತು. ಸುತ್ತಿಗೆ 200 ಹೆಜ್ಜೆಯಂತೆ ಒಂದೊಂದು ಹೆಜ್ಜೆಗೆ ಸಿಗುವುದು 0.75 ಮಿಲಿಸೆಕೆಂಡ್. ಅಷ್ಟರೊಳಗೆ ಕಾಯಿಲ್‌ನಲ್ಲಿ ಕರೆಂಟ್ ತುಂಬಬೇಕು. ಇಂಡಕ್ಟನ್ಸ್ ಅದನ್ನು ತಡೆಯುತ್ತದೆ, ತಿರುಗುವ ಮೋಟರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್ ಇನ್ನಷ್ಟು ತಿನ್ನುತ್ತದೆ. ದೊಡ್ಡ ಮೋಟರಿಗೆ ಸಾಮಾನ್ಯವಾಗಿ ಇಂಡಕ್ಟನ್ಸೂ ಹೆಚ್ಚು. 24 ವೋಲ್ಟಿನಲ್ಲಿ ಅದು ನಿಮ್ಮ ಈಗಿನ ಮೋಟರಿಗಿಂತ ಮೊದಲೇ ಸೋತೀತು.

ರೂಢಿಯ ಲೆಕ್ಕ ಹೀಗಿದೆ: ಇಂಡಕ್ಟನ್ಸಿನ (ಮಿಲಿಹೆನ್ರಿ) ವರ್ಗಮೂಲವನ್ನು 32ರಿಂದ ಗುಣಿಸಿದರೆ ಮೋಟರಿಗೆ ಕೊಡಬಹುದಾದ ಗರಿಷ್ಠ ವೋಲ್ಟ್. 3.6 ಮಿಲಿಹೆನ್ರಿಯ ಮೋಟರಿಗೆ ಸುಮಾರು 60. ಹಾಗಾಗಿ ಮೊದಲು ಎಸ್‌ಎಂಪಿಎಸ್ ಬದಲಿಸಿ. 36 ವೋಲ್ಟ್, 10 ಆಂಪಿಯರಿನದು ಮೂರೂ ಮೋಟರಿಗೆ ಸಾಕು. ಟಿಬಿ6600 ಬೋರ್ಡಿನ ಮಿತಿ 40 ವೋಲ್ಟಿನ ಆಸುಪಾಸು, ಅದಕ್ಕೆ 48 ಕೊಟ್ಟರೆ ಸುಡುತ್ತದೆ. ಮುಂದೆ ಡ್ರೈವರ್ ಕೊಳ್ಳುವುದಾದರೆ ಡಿಎಂ542 ತನ್ನಿ, ಅದಕ್ಕೂ 36 ವೋಲ್ಟೇ ನೆಮ್ಮದಿ. ಅದರ ಮಿತಿ 50 ವೋಲ್ಟ್ ಆದರೂ ಅಂಚಿಗೆ ಹೋಗಬೇಡಿ: ಮೋಟರ್ ಥಟ್ಟನೆ ನಿಧಾನವಾದಾಗ ವೋಲ್ಟೇಜ್ ತಿರುಗಿ ಡ್ರೈವರಿಗೇ ನುಗ್ಗುತ್ತದೆ.

ಡಿಎಂ542ರ ಮೇಲೆ ಅಚ್ಚಾದ ಪೀಕ್ (ಗರಿಷ್ಠ) ಕರೆಂಟಿನ ಅಂಕಿ ನೋಡಿ ಮೋಸಹೋಗಬೇಡಿ. 3.31 ಆಂಪಿಯರ್ ಪೀಕ್ ಎಂದರೆ ಆರ್‌ಎಂಎಸ್ (ಪರಿಣಾಮಕಾರಿ ಕರೆಂಟ್) 2.36 ಮಾತ್ರ. ಅಲ್ಲಿಂದ ಶುರುಮಾಡಿ. ಮೋಟರ್ ಕೈಯಿಡಲಾಗದಷ್ಟು ಬಿಸಿಯಾದರೂ 80 ಡಿಗ್ರಿಯೊಳಗಿದ್ದರೆ ಗಾಬರಿ ಬೇಡ. ಡ್ರೈವರಿನ ಮಾತು ಬೇರೆ: ನಿಮ್ಮೂರ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಡಬ್ಬಿಯೊಳಗೆ ಅದು ಬೇಯುತ್ತದೆ. ಡ್ರೈವರನ್ನು ನೆಟ್ಟಗೆ ಲಂಬವಾಗಿ ಕೂರಿಸಿ, ಫ್ಯಾನ್ ಹಾಕಿ, ಸಾಗವಾನಿ ಪುಡಿ ಒಳಹೋಗದಂತೆ ಜಾಳಿಗೆ ಕಟ್ಟಿ. ಪವರ್ ಇದ್ದಾಗ ಮೋಟರಿನ ವೈರ್ ಕಳಚಲೇಬೇಡಿ, ಡ್ರೈವರ್ ಆ ಕ್ಷಣವೇ ಹೋದೀತು.

ಖರ್ಚಿಗೆ ಮುಂಚೆ ಇನ್ನೊಂದು. ಪವರ್ ತೆಗೆದು ಸ್ಕ್ರೂ ಕೈಯಿಂದ ತಿರುಗಿಸಿ. ಒಂದೇ ಜಾಗದಲ್ಲಿ ಬಿಗಿ ಹಿಡಿದರೆ ತಪ್ಪು ಮೋಟರಿನದಲ್ಲ, ಸ್ಕ್ರೂವಿಗೂ ರೈಲಿಗೂ ಅಲೈನ್‌ಮೆಂಟ್ ತಪ್ಪಿದೆ.

ಪ್ರಶ್ನೆ: ಮೈಕ್ರೋಸ್ಟೆಪ್ (ಮೋಟರಿನ ಒಂದು ಹೆಜ್ಜೆಯನ್ನು ಒಡೆಯುವ ಭಾಗಗಳ ಸಂಖ್ಯೆ) 32ಕ್ಕೆ ಇಟ್ಟರೆ ಕೆತ್ತನೆ ನುಣುಪಾದೀತೇ? ಆರ್ಡುಯಿನೋ ಊನೋ ಬೋರ್ಡ್, ಅದರಲ್ಲಿ ಯಂತ್ರ ನಡೆಸುವ ಜಿಆರ್‌ಬಿಎಲ್ ಸಾಫ್ಟ್‌ವೇರ್, 5 ಮಿಮೀ ಸ್ಕ್ರೂ.
– ಉದ್ಯಮಬಾಗ, ಬೆಳಗಾವಿ

ಉತ್ತರ: 8 ಸಾಕು. ಆಗ ಮಿಲಿಮೀಟರಿಗೆ 320 ಪಲ್ಸ್ (ಒಂದೊಂದೂ ಒಂದು ಕಿರುಹೆಜ್ಜೆಯ ಸಂಕೇತ). ಮರವೇ ಹವೆಗೆ ಆ ಒಂದು ಕಿರುಹೆಜ್ಜೆಗಿಂತ ಹೆಚ್ಚು ಹಿಗ್ಗುತ್ತದೆ. 32 ಇಟ್ಟು 2000 ಮಿಮೀ ವೇಗ ಕೇಳಿದರೆ ಸೆಕೆಂಡಿಗೆ 42,667 ಪಲ್ಸ್ ಬೇಕು. ಊನೋ ಸುಮಾರು 30,000ಕ್ಕೇ ಕೈಚೆಲ್ಲುತ್ತದೆ. ಡ್ರೈವರಿನ ಮೈಕ್ರೋಸ್ಟೆಪ್ ಸ್ವಿಚ್ ಬದಲಿಸಿದ ಮೇಲೆ ಸಾಫ್ಟ್‌ವೇರಿನಲ್ಲಿ ಮಿಲಿಮೀಟರಿಗೆ ಎಷ್ಟು ಪಲ್ಸ್ ಎಂದು ಹೇಳುವ $100, $101, $102ರ ಅಂಕಿಗಳನ್ನೂ ಬದಲಿಸಿ, ಇಲ್ಲವಾದರೆ ನೀವು ಕೆತ್ತುವ ಗಣಪತಿ ಕಾಲುಭಾಗಕ್ಕೆ ಕುಗ್ಗುತ್ತಾನೆ ಅಥವಾ ನಾಲ್ಕು ಪಟ್ಟು ಹಿಗ್ಗುತ್ತಾನೆ.