ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ?

ಹಾಸನದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದಾರೆ: "ಎಲ್ಲ ಇಲಾಖೆಗಳ ಮಾಹಿತಿ ಒಂದು ಕಡೆ ಸೇರಿಸಿದರೆ ಸುಳ್ಳು ಬಿಪಿಎಲ್ ಕಾರ್ಡಿನವರು ತಾವಾಗಿಯೇ ಸಿಕ್ಕಿಬೀಳುತ್ತಾರೆ. ಇದಕ್ಕೆ ನಿಮ್ಮ ಪತ್ರಿಕೆಯ ತಕರಾರೇನು? ಅಂದ ಹಾಗೆ, ನಮ್ಮ ಮನೆಗೆಲಸಕ್ಕೆ ಬರುವಾಕೆಯ ಕಾರ್ಡು ಎಪಿಎಲ್ ಆಗಿಬಿಟ್ಟಿದೆ. ಆಕೆ ಏನು ಮಾಡಬೇಕು?"

ಮೇಷ್ಟ್ರೇ, ನಿಮ್ಮ ಎರಡನೇ ಪ್ರಶ್ನೆಯೇ ಮೊದಲನೆಯದಕ್ಕೆ ಅರ್ಧ ಉತ್ತರ, ಅಲ್ವಾ?

ಮಾಹಿತಿ ಸೇರಿಸುವುದಕ್ಕೆ ನಮ್ಮ ತಕರಾರಿಲ್ಲ. ನಮ್ಮ ರಾಜ್ಯದ 'ಕುಟುಂಬ' ತಂತ್ರಾಂಶ ಇರುವುದೇ ಅದಕ್ಕೆ. ಜನ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪಿದರೆ ಯಾರು ಬೇಡ ಅಂತಾರೆ? ಪಟ್ಟಿ ನೋಡಿ ಅನುಮಾನ ಪಡಲಿ. ಮನೆಯವರನ್ನು ಒಂದು ಮಾತೂ ಕೇಳದೆ ಅಕ್ಕಿ ನಿಲ್ಲಿಸುವುದು ಬೇಡ.

ಆಟೋ ಓಡಿಸುವವರು ಬ್ಯಾಂಕ್ ಸಾಲಕ್ಕೆ ಬೇಕು ಅಂತ ಆಡಿಟರ್ ಹತ್ತಿರ ಐಟಿ ರಿಟರ್ನ್ ಹಾಕಿಸುತ್ತಾರೆ. ಕಟ್ಟಿದ ತೆರಿಗೆ ಸೊನ್ನೆ. ಆದರೆ ಆಹಾರ ಇಲಾಖೆಗೆ ಬರುವ ಪಟ್ಟಿಯಲ್ಲಿ 'ರಿಟರ್ನ್ ಸಲ್ಲಿಸಿದ್ದಾರೆ' ಅಂತಷ್ಟೇ ಇದ್ದರೆ ಅವರೂ ತೆರಿಗೆದಾರರ ಸಾಲಿಗೆ ಸೇರಿಬಿಡುತ್ತಾರೆ. ಎರಡೂ ಇಲಾಖೆಯ ದಾಖಲೆ ಸರಿಯಾಗಿಯೇ ಇದೆ. ಕಾರ್ಡು ಮಾತ್ರ ಹೋಯಿತು!

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ಎಪಿಎಲ್ ಆಗಿ ದೊಡ್ಡ ಗಲಾಟೆಯೇ ಆಯಿತು. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಿ ಎಂದು ಕೊನೆಗೆ ಸರ್ಕಾರವೇ ಹೇಳಿತು. ತೆಲಂಗಾಣದಲ್ಲಿ ಇದಕ್ಕಿಂತ ಜಾಸ್ತಿ ಆಗಿತ್ತು. ಅಲ್ಲಿ ಸುಮಾರು 19 ಲಕ್ಷ ಕಾರ್ಡು ರದ್ದಾಗಿದ್ದವು. ಕಂಪ್ಯೂಟರ್ ನಂಬಿಕೊಂಡು ಕೂರಬೇಡಿ, ಸ್ಥಳಕ್ಕೇ ಹೋಗಿ ಮರುಪರಿಶೀಲನೆ ಮಾಡಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಕಾನೂನಿದೆಯಲ್ಲ ಅನ್ನಬಹುದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂದದ್ದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆಮೇಲೆ 2023ರಲ್ಲಿ ಡೇಟಾ ರಕ್ಷಣೆ ಕಾಯ್ದೆಯೂ ಬಂತು. ಅದರ 12ನೇ ಸೆಕ್ಷನ್ ತಿದ್ದಿಸುವ ಹಕ್ಕು ಕೊಡುವುದು ನಾವು ಒಪ್ಪಿಗೆ ಕೊಟ್ಟ ಮಾಹಿತಿಗೆ. 7ನೇ ಸೆಕ್ಷನ್ ನೋಡಿದರೆ, ಸಬ್ಸಿಡಿ, ಸೌಲಭ್ಯದ ವಿಷಯದಲ್ಲಿ ಸರ್ಕಾರ ಕೆಲವು ಕಡೆ ಹೊಸದಾಗಿ ಒಪ್ಪಿಗೆ ಕೇಳಬೇಕಾಗಿಯೇ ಇಲ್ಲ. ಬಡವರ ಮಾಹಿತಿ ಜಾಸ್ತಿ ಓಡಾಡುವುದು ಇದೇ ದಾರಿಯಲ್ಲಿ. ತಿದ್ದಿಸುವ ಹಕ್ಕು ಸಡಿಲವಾಗಿರುವುದೂ ಇಲ್ಲೇ. ಇದು ಸುಮ್ನೆ ಬಿಡುವ ವಿಷಯವಲ್ಲ.

ಇನ್ನು ಆಕೆಯ ವಿಷಯ. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಲಿ. ಯಾವ ಇಲಾಖೆಯ ಯಾವ ದಾಖಲೆ ನೋಡಿ ಕಾರ್ಡು ಬದಲಾಯಿತು ಅಂತ ಮಾಹಿತಿ ಹಕ್ಕಿನಡಿ ಕೇಳಲಿ. ಆ ಅರ್ಜಿಗೆ ಬಿಪಿಎಲ್‌ನವರು ಶುಲ್ಕ ಕಟ್ಟಬೇಕಾಗಿಲ್ಲ. ಆಕೆ ಈಗ ಎಪಿಎಲ್ ಅಲ್ವಾ, 10 ರೂಪಾಯಿ ಕಟ್ಟಬೇಕಾಗುತ್ತದೆ.

– ಸಂಪಾದಕ