ದುಬೈಯಿಂದ ಬರುವ ಮೆಷಿನ್ ನಮ್ಮವರಿಗೆ ಆಗುತ್ತದಾ?

ಪ್ರಶ್ನೆ: ಯಜಮಾನರಿಗೆ 54 ವರ್ಷ. ಗೊರಕೆ ಮೊದಲಿನಿಂದಲೂ ಉಂಟು. ಈಗ ನಡುವೆ ಸದ್ದೇ ನಿಂತು, ಆಮೇಲೆ ಗಕ್ಕನೆ ಎದ್ದು ಕೂರುತ್ತಾರೆ. ಸ್ಲೀಪ್ ಸ್ಟಡಿಯಲ್ಲಿ ಎಎಚ್‌ಐ 38 ಬಂತು, ಮನೆಯಲ್ಲಿ ಸಿಪ್ಯಾಪ್ ಇಡಬೇಕಂತೆ. ದುಬೈಯಲ್ಲಿರುವ ನನ್ನಣ್ಣ ಹೊಸತು ಕೊಂಡಿದ್ದಾನೆ, ಹಳೆಯ ಆಕ್ಸಿಜನ್ ಮೆಷಿನನ್ನು ನಮಗೆ ಕೊಡುತ್ತಾನಂತೆ. ಆದರೆ ಆಸ್ಪತ್ರೆಯಲ್ಲಿ ಹಾಕಿದ ರಾತ್ರಿಯೇ ಇವರು ಎರಡು ಗಂಟೆಗೆ ಮಾಸ್ಕ್ ಕಿತ್ತು ಬದಿಗಿಟ್ಟಿದ್ದರು. ಮಳೆಗಾಲದಲ್ಲಿ ಕರೆಂಟ್ ಹೋದರೆ ಉಸಿರು ಕಟ್ಟಲಿಕ್ಕಿಲ್ಲವೇ? ಪಡುಬಿದ್ರಿಯ ಅಂಗಡಿಗೆ ದಿನಾ ಬೈಕಲ್ಲಿ ಹೋಗಿಬರುವವರು.
– ಓದುಗರು, ಕಾಪು

ಉತ್ತರ: ಮೊದಲು ಒಂದು ತಿದ್ದುಪಡಿ. ನೀವು ಹೇಳುವ ಈ ಸಿಪ್ಯಾಪ್ ಆಕ್ಸಿಜನ್ ಮೆಷಿನ್ ಅಲ್ಲ. ಕೋಣೆಯ ಗಾಳಿಯನ್ನೇ ಎಳೆದು, ಸ್ವಲ್ಪ ಒತ್ತಡದಲ್ಲಿ ಮೂಗಿಗೆ ಬಿಡುತ್ತದೆ, ಅಷ್ಟೆ. ನಿದ್ದೆಯಲ್ಲಿ ಸಡಿಲಾಗಿ ಮುಚ್ಚಿಕೊಳ್ಳುವ ಗಂಟಲನ್ನು ಆ ಒತ್ತಡ ತೆರೆದಿಡುತ್ತದೆ. ಕೊರೊನಾ ಕಾಲದ ಆಕ್ಸಿಜನ್ ಕಾನ್ಸಂಟ್ರೇಟರ್ ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಇದಕ್ಕೆ ಬದಲು ಬಳಸಬೇಡಿ. ಎಎಚ್‌ಐ 38 ಎಂದರೆ ನಿದ್ದೆಯಲ್ಲಿ ಗಂಟೆಗೆ ಸರಾಸರಿ 38 ಸಲ, ಪ್ರತಿ ಸಲ ಕನಿಷ್ಠ 10 ಸೆಕೆಂಡ್, ಉಸಿರು ನಿಲ್ಲುವುದು ಇಲ್ಲವೇ ತೀರಾ ಕುಗ್ಗುವುದು. 30 ದಾಟಿದರೆ ತೀವ್ರ ಎಂದೇ ಲೆಕ್ಕ. ಹಾಗಾಗಿ ಇದನ್ನು ಮುಂದೂಡಬೇಡಿ.

ಅಣ್ಣನ ಮೆಷಿನ್ ಬಳಸಬಹುದು, ಆದರೆ ಕಂಪನಿ ಮತ್ತು ಮಾಡೆಲ್ ನೋಡಿಕೊಂಡೇ. 2021ರ ಜೂನ್‌ನಲ್ಲಿ ಫಿಲಿಪ್ಸ್ ತನ್ನ ಹಲವು ಮಾಡೆಲ್‌ಗಳನ್ನು ಹಿಂದಕ್ಕೆ ಕರೆಸಿತ್ತು; ಸದ್ದು ತಗ್ಗಿಸಲು ಒಳಗಿಟ್ಟ ಫೋಮ್ ಪುಡಿಯಾಗಿ ಉಸಿರಿನೊಂದಿಗೆ ಒಳಹೋಗುವ ಅಪಾಯವಿತ್ತು. ಆ ಪಟ್ಟಿಯಲ್ಲಿದ್ದರೆ ಬೇಡವೇ ಬೇಡ. ಇಲ್ಲದಿದ್ದರೆ ನಿಮ್ಮ ವೈದ್ಯರಿಂದಲೇ ಒತ್ತಡ ಹೊಸದಾಗಿ ಹೊಂದಿಸಿಕೊಳ್ಳಿ. ಅಣ್ಣನಿಗೆ 12 ಬೇಕಿದ್ದಿರಬಹುದು, ಇವರಿಗೆ 8 ಸಾಕಾಗಬಹುದು. ಫಿಲ್ಟರ್, ಟ್ಯೂಬ್, ಮಾಸ್ಕ್ ಮೂರೂ ಹೊಸತಾಗಿರಲಿ.

ದುಡ್ಡು ಮತ್ತು ತಾಳ್ಮೆ ಎರಡನ್ನೂ ಸುರಿಯಬೇಕಾದದ್ದು ಮಾಸ್ಕ್ ಮೇಲೆ. ಕಿತ್ತೆಸೆಯುವವರಲ್ಲಿ ಬಹಳಷ್ಟು ಮಂದಿಯ ಜಗಳ ಮಾಸ್ಕಿನೊಂದಿಗೇ. ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಅಳತೆ ನೋಡುತ್ತಾರೆ. ಮಲಗಿದರೆ ಕೆನ್ನೆ ಜಾರುತ್ತದೆ, ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ. ಆಗ ಮನೆಯವರು ಯಕ್ಷಗಾನದ ಮುಂಡಾಸು ಕಟ್ಟಿದ ಹಾಗೆ ಪಟ್ಟಿ ಬಿಗಿಯುತ್ತಾರೆ, ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಬರೆ. ಮಲಗಿಸಿ, ಗಾಳಿ ಬಿಟ್ಟುಕೊಂಡೇ ಪಟ್ಟಿ ಹೊಂದಿಸಿ. ಪಟ್ಟಿಯಡಿ ಒಂದು ಬೆರಳು ಆಡುವಷ್ಟು ಸಡಿಲ ಇರಲಿ. ದಪ್ಪ ಮೀಸೆ ಇದ್ದರೆ ಮೂಗಿನ ಹೊಳ್ಳೆಗೆ ಕೂರುವ ಪಿಲ್ಲೋ ಮಾದರಿ ಕೇಳಿ ನೋಡಿ. ಬಾಯಿ ತೆರೆದು ಮಲಗುವವರಾದರೆ ಮೂಗು, ಬಾಯಿ ಎರಡನ್ನೂ ಮುಚ್ಚುವಂಥದ್ದು ಬೇಕಾದೀತು. ಮೊದಲ ವಾರ ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡಿರಲಿ. ಮಾಸ್ಕ್‌ನೊಂದಿಗೆ ಹಗಲಲ್ಲಿ ಪರಿಚಯವಾದರೆ ರಾತ್ರಿ ಹೆದರಿಕೆ ಕಡಿಮೆ.

ಕರೆಂಟ್ ಹೋದರೆ ಉಸಿರು ಕಟ್ಟುವುದಿಲ್ಲ. ಮಾಸ್ಕ್‌ನಲ್ಲಿ ಗಾಳಿಗೆ ಕಿಂಡಿ ಇದೆ, ಬಾಯಿಯನ್ನೂ ಮುಚ್ಚುವ ಮಾಸ್ಕ್‌ಗೆ ಬೇರೆ ಕವಾಟವೇ ಇರುತ್ತದೆ. ಅವರಿಗೆ ಎಚ್ಚರವಾಗುತ್ತದೆ, ತೆಗೆಯುತ್ತಾರೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಚಿಂತೆಯೂ ಇಲ್ಲ. ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಆಫ್ ಮಾಡಿದರೆ ಮೆಷಿನ್ ತಿನ್ನುವ ಕರೆಂಟ್ ಒಂದು ಫ್ಯಾನಿನದಕ್ಕಿಂತ ಕಡಿಮೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಅನೇಕರಿಗೆ ಆ ಹ್ಯುಮಿಡಿಫೈಯರ್ ಬೇಕಾಗುವುದೇ ಇಲ್ಲ. ಆಟಿ ತಿಂಗಳಲ್ಲಿ ನಿಜವಾದ ತೊಂದರೆ ಬೂಸ್ಟು. ಟ್ಯೂಬ್ ತೊಳೆದು ತೂಗುಹಾಕಿದರೆ ಎರಡು ದಿನವಾದರೂ ಒಣಗದು. ನೀರಿನ ಡಬ್ಬಿ ಖಾಲಿ ಮಾಡಿ, ಟ್ಯೂಬ್ ಸಿಕ್ಕಿಸಿ, ಮೆಷಿನ್ನಿನ ಗಾಳಿಯಿಂದಲೇ ಅರ್ಧ ಗಂಟೆ ಒಣಗಿಸಿ.

ಎಷ್ಟು ಗಂಟೆ ಬಳಸಿದರು, ಎಷ್ಟು ಸೋರಿತು, ಎಎಚ್‌ಐ ಎಷ್ಟಕ್ಕೆ ಇಳಿಯಿತು ಎಂಬುದು ಮೆಷಿನ್‌ನಲ್ಲೇ ದಾಖಲಾಗಿರುತ್ತದೆ. ತಿಂಗಳಾದ ಮೇಲೆ ಅದನ್ನು ವೈದ್ಯರಿಗೆ ತೋರಿಸಿ. ಎಎಚ್‌ಐ 5ರ ಒಳಗೆ ಬಂದು, ಹಗಲು ತೂಕಡಿಕೆಯೂ ನಿಂತಿತೆಂದು ವೈದ್ಯರು ಹೇಳುವವರೆಗೆ ಅವರು ಪಡುಬಿದ್ರಿಗೆ ಬಸ್ಸಲ್ಲಿ ಹೋಗಲಿ, ಬೈಕಿನ ಕೀ ನಿಮ್ಮ ಹತ್ತಿರವೇ ಇರಲಿ.